ಅಮೆರಿಕದ ಸಾಹಿತ್ಯ ಪಿಎಚ್‌ಡಿ: ಊರವರ ಲೆಕ್ಕ, ಆಫರ್ ಪತ್ರದ ಲೆಕ್ಕ

"ಇಂಗ್ಲಿಷ್ ಲಿಟರೇಚರ್ ಓದೋಕೆ ಅಮೆರಿಕಕ್ಕಾ? ಸೈಟು ಮಾರಬೇಕಾಗುತ್ತೆ." ಎಂ.ಎ. ಮುಗಿಸುವ ಹಂತದಲ್ಲಿರುವ ಹುಡುಗ ಹುಡುಗಿಯರ ಮನೆಗಳಲ್ಲಿ ಈ ಮಾತು ತಪ್ಪದೆ ಬರುತ್ತದೆ. ನೆಂಟರ ಮಗ ಎಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡಲು ಹೋದಾಗ ಬ್ಯಾಂಕಿನಲ್ಲಿ ಎಷ್ಟು ಸಾಲ ಎತ್ತಿದ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಅದೇ ಲೆಕ್ಕವನ್ನು ತಂದು ಸಾಹಿತ್ಯದ ಮೇಲೂ ಹೇರುತ್ತಾರೆ. ವಿದ್ಯಾರ್ಥಿಗಳಿಗೆ ಶಿಫಾರಸು ಪತ್ರ ಬರೆದುಕೊಡುತ್ತ ಬಂದ ನನಗೆ ಮಾರ್ಚ್ ತಿಂಗಳ ಅರ್ಧ ಸಮಯ ಈ ಲೆಕ್ಕ ತಿದ್ದುವುದರಲ್ಲೇ ಹೋಗುತ್ತದೆ.

ನಿಜಸಂಗತಿ ಹೆಚ್ಚುಕಡಿಮೆ ತಿರುವುಮುರುವು. ಅಮೆರಿಕದ ಗಟ್ಟಿ ವಿಶ್ವವಿದ್ಯಾಲಯವೊಂದು ಇಂಗ್ಲಿಷ್ ಅಥವಾ ತೌಲನಿಕ ಸಾಹಿತ್ಯದ ಪಿಎಚ್‌ಡಿಗೆ ಸೇರಿಸಿಕೊಂಡಿತು ಎಂದರೆ ಸಾಮಾನ್ಯವಾಗಿ ಬೋಧನಾ ಶುಲ್ಕದ ಮನ್ನಾ, ಆರೋಗ್ಯ ವಿಮೆ, ಐದಾರು ವರ್ಷಗಳ ಸ್ಟೈಪೆಂಡ್ ಮೂರೂ ಜೊತೆಗೇ ಬರುತ್ತವೆ. ಅದಕ್ಕೆ ಬದಲಾಗಿ ಕೆಲವು ವರ್ಷ ಅಲ್ಲಿನ ಪದವಿ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕು, ಪೇಪರ್ ತಿದ್ದಬೇಕು. ಸಾಲ ಮಾಡಿಸುವುದು ಎಂ.ಎ. ಆ ಪುಟ್ಟ ಪದವಿಗೆ ಬಹಳ ಕಡೆ ನೆರವು ಇಲ್ಲ, ಇದ್ದರೂ ಶುಲ್ಕದಲ್ಲಿ ಒಂದು ಪಾಲು ಕಡಿತ ಮಾತ್ರ. ಪಾಠ ಮಾಡಿಸಿಕೊಂಡು ಎಂ.ಎ.ಗೂ ಸಂಬಳ ಕೊಡುವ ರಾಜ್ಯ ವಿಶ್ವವಿದ್ಯಾಲಯಗಳು ಇವೆ, ಹುಡುಕಬೇಕು ಅಷ್ಟೆ. ಆರು ವರ್ಷದ ಓದಿಗೆ ಅವರೇ ದುಡ್ಡು ಕೊಡುತ್ತಾರೆ, ಒಂದು ವರ್ಷದ ಓದಿಗೆ ನಾವು ಕೊಡಬೇಕು ಎಂದರೆ ಅಪ್ಪಂದಿರು ಮೊದಲ ಸಲಕ್ಕೆ ನಂಬುವುದೇ ಇಲ್ಲ.

ಇಲ್ಲೇ ಇನ್ನೊಂದು ಗೊಂದಲವಿದೆ. ಪಿಎಚ್‌ಡಿಗೆ ಹಾಕಿದವರಿಗೆ ಕೆಲವು ವಿಶ್ವವಿದ್ಯಾಲಯಗಳು "ಅದು ಆಗಲಿಲ್ಲ, ನಮ್ಮ ಎಂ.ಎ.ಗೆ ಬನ್ನಿ" ಎಂದು ಬರೆಯುತ್ತವೆ. ಶಿಕಾಗೊ ವಿಶ್ವವಿದ್ಯಾಲಯದ ಒಂದು ವರ್ಷದ ಮಾನವಿಕ ಎಂ.ಎ. ಇದಕ್ಕೆ ಹೆಸರಾದದ್ದು. ಓದು ಅಲ್ಲಿ ಗಟ್ಟಿಯೇ. ಆದರೆ ಅದನ್ನು ಪಿಎಚ್‌ಡಿಯ ಹಿಂಬಾಗಿಲು ಎಂದುಕೊಂಡು ಹೋಗಬಾರದು. ವರ್ಷ ಮುಗಿದ ಮೇಲೆ ಎಲ್ಲರ ಜೊತೆ ಹೊಸದಾಗಿ ಅರ್ಜಿ ಹಾಕಬೇಕು. ನಮ್ಮಲ್ಲಿ ಎಂ.ಎ. ಮಾಡಿದವರು ಮತ್ತೊಂದು ಎಂ.ಎ.ಗೆ ಸಾಲ ಮಾಡುವ ಮುಂಚೆ ನೂರು ಸಲ ಯೋಚಿಸಲಿ ಎಂಬುದು ನನ್ನ ಪಕ್ಷ. ಬರೀ ಬಿ.ಎ. ಆದವರೂ ಅಮೆರಿಕದ ಪಿಎಚ್‌ಡಿಗೆ ನೇರವಾಗಿ ಹಾಕಬಹುದು. ಮೂರು ವರ್ಷದ ಪದವಿಯನ್ನು ಒಪ್ಪುತ್ತಾರೋ ಇಲ್ಲವೋ ಎಂಬುದು ಮಾತ್ರ ಒಂದೊಂದು ಕಡೆ ಒಂದೊಂದು ಥರ.

ಹಿರಿಯರ ಮನಸ್ಸಿನಲ್ಲಿ ಬೇರೆಯದೇ ಚಿತ್ರವಿದೆ. ಮೊದಲು ಸ್ಕಾಲರ್‌ಶಿಪ್ ಗೆಲ್ಲಬೇಕು, ಆಮೇಲೆ ಸೀಟು. ಅನಂತಮೂರ್ತಿ ಕಾಮನ್‌ವೆಲ್ತ್ ಫೆಲೋಶಿಪ್ ಪಡೆದು ಬರ್ಮಿಂಗ್‌ಹ್ಯಾಮ್‌ಗೆ ಹೋದರು, 1966ರಲ್ಲಿ ಪಿಎಚ್‌ಡಿ ಪಡೆದರು. ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ಹಿಡಿದು ಇಂಡಿಯಾನಾಕ್ಕೆ, ಗಿರೀಶ ಕಾರ್ನಾಡ್ ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡ್‌ಗೆ. ಬ್ರಿಟನ್ನಿನ ಮಟ್ಟಿಗೆ ಈ ಚಿತ್ರ ಈಗಲೂ ಸುಮಾರಾಗಿ ನಿಜ. ಅಲ್ಲಿ ಸಂಶೋಧನೆಯ ಪ್ರಸ್ತಾವ ಹಿಡಿದು ಮಾರ್ಗದರ್ಶಕರನ್ನು ಹುಡುಕಬೇಕು, ಹಣವನ್ನು ಬೇರೆಯಾಗಿ ಹುಡುಕಬೇಕು. ಅಮೆರಿಕದಲ್ಲಿ ಸೀಟೂ ಹಣವೂ ಒಂದೇ ಲಕೋಟೆಯಲ್ಲಿ ಬರುತ್ತವೆ. ಸೇರಿಸಿಕೊಳ್ಳುವುದು ಒಬ್ಬ ಪ್ರಾಧ್ಯಾಪಕರಲ್ಲ, ಇಡೀ ವಿಭಾಗ. ಹಾಗಾಗಿ ಆಫರ್ ಪತ್ರವನ್ನು ಬಹುಮಾನದ ಪ್ರಮಾಣಪತ್ರದಂತೆ ಕಟ್ಟು ಹಾಕಿಸಬೇಡಿ. ಅದು ಆರು ವರ್ಷದ ನೌಕರಿಯ ಕರಾರು. ಹಾಗೆಂದುಕೊಂಡು ಓದಿದರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಓದುವುದು ಹೇಗೆ? ಪತ್ರದ ಎರಡನೆಯ ಪ್ಯಾರಾದಲ್ಲಿ "ವರ್ಷಕ್ಕೆ 27,000 ಡಾಲರ್" ಎಂದಿದೆ ಎನ್ನೋಣ. ಅಲ್ಲೇ ನಿಂತು ಯಾವ ವರ್ಷ ಎಂದು ಕೇಳಿ. ಕೆಳಗೆ ಸಣ್ಣದಾಗಿ "ಒಂಬತ್ತು ತಿಂಗಳ ನೇಮಕ" ಎಂದಿದ್ದರೆ ಸೆಪ್ಟೆಂಬರಿನಿಂದ ಮೇ ತನಕ ತಿಂಗಳಿಗೆ 3,000, ಜೂನ್, ಜುಲೈ, ಆಗಸ್ಟ್ ಸೊನ್ನೆ. ಮನೆ ಬಾಡಿಗೆಗೆ ಬೇಸಿಗೆ ರಜೆ ಇಲ್ಲವಾದ್ದರಿಂದ ನಿಮ್ಮ ನಿಜವಾದ ತಿಂಗಳ ಆದಾಯ 2,250. ಪಕ್ಕದ ವಿಶ್ವವಿದ್ಯಾಲಯ ಹನ್ನೆರಡು ತಿಂಗಳಿಗೆ ಅದೇ 27,000 ಕೊಟ್ಟು, ಬೇಸಿಗೆ ಅನುದಾನ ಬೇರೆ ಇದೆ ಎಂದರೆ ಎರಡೂ ಪತ್ರಗಳ ಅಂಕಿ ಒಂದೇ ಇದ್ದರೂ ಬದುಕು ಒಂದೇ ಆಗಿರುವುದಿಲ್ಲ. ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವ ಹಾಗಿಲ್ಲ, ಅದೂ ಕ್ಯಾಂಪಸ್ಸಿನ ಒಳಗೇ. ಪಾಠದ ಕೆಲಸ ಸಾಮಾನ್ಯವಾಗಿ ಆ 20 ಗಂಟೆಯನ್ನು ತುಂಬಿಬಿಡುತ್ತದೆ. "ಕಮ್ಮಿ ಬಿದ್ರೆ ಪಾರ್ಟ್‌ಟೈಮ್ ಮಾಡ್ಕೋತೀನಿ" ಎನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಮುಂದಿನ ಸಾಲು "ಐದು ವರ್ಷ". ಖಾತರಿ ಎಂದು ಬರೆದಿದ್ದಾರೋ, "ಹಣದ ಲಭ್ಯತೆಗೆ ಒಳಪಟ್ಟು" ಎಂದಿದ್ದಾರೋ? "ತೃಪ್ತಿಕರ ಪ್ರಗತಿ ಇದ್ದಲ್ಲಿ" ಎಂಬ ಷರತ್ತು ಎಲ್ಲ ಕಡೆ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಲಭ್ಯತೆಯ ಮಾತಿಗೆ. ಸಾಹಿತ್ಯದ ಪಿಎಚ್‌ಡಿಯನ್ನು ಐದೇ ವರ್ಷಕ್ಕೆ ಮುಗಿಸುವವರು ವಿರಳ, ಆರು ಏಳು ವರ್ಷ ಹಿಡಿಯುವುದು ಮಾಮೂಲು. ಆರನೆಯ ವರ್ಷ ನಿಮ್ಮ ಹಿರಿಯ ವಿದ್ಯಾರ್ಥಿಗಳು ಹೇಗೆ ಬದುಕುತ್ತಿದ್ದಾರೆ ಎಂದು ಅವರನ್ನೇ ಕೇಳಿ. ಪ್ರಾಧ್ಯಾಪಕರನ್ನು ಕೇಳಿದರೆ "ಏನಾದರೂ ವ್ಯವಸ್ಥೆ ಆಗುತ್ತದೆ" ಎನ್ನುತ್ತಾರೆ; ಹಿರಿಯ ವಿದ್ಯಾರ್ಥಿಗಳು ಆ ವ್ಯವಸ್ಥೆ ಏನೆಂದು ಹೇಳುತ್ತಾರೆ. ಶುಲ್ಕ ಮನ್ನಾ ಎಂದರೂ "ವಿದ್ಯಾರ್ಥಿ ಶುಲ್ಕ" ಎಂಬ ಹೆಸರಿನಲ್ಲಿ ಪ್ರತಿ ಸೆಮಿಸ್ಟರ್ ಏನಾದರೂ ವಸೂಲಾಗುತ್ತದೋ ನೋಡಿ. ಮೊದಲ ವರ್ಷವೇ ಸ್ವತಂತ್ರವಾಗಿ ತರಗತಿ ಒಪ್ಪಿಸುತ್ತಾರೋ, ಅಥವಾ ಒಂದು ವರ್ಷ ಓದಲು ಬಿಡುತ್ತಾರೋ ಅದನ್ನೂ ನೋಡಿ. ತೆರಿಗೆಯೂ ಇದೆ. ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ನಮ್ಮ ವಿದ್ಯಾರ್ಥಿಗಳು ಅಲ್ಲಿನವರಂತೆ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಬೇರೆ ಬಹುತೇಕ ದೇಶದವರಿಗೆ ಈ ಅನುಕೂಲ ಇಲ್ಲ, ನಮ್ಮವರಲ್ಲೂ ಎಷ್ಟೋ ಜನ ಇದನ್ನು ತಿಳಿಯದೆ ಹಣ ಬಿಡುತ್ತಾರೆ.

"ಯಾರು ಜಾಸ್ತಿ ಕೊಡ್ತಾರೋ ಅಲ್ಲಿಗೆ ಹೋಗು" ಎನ್ನುವವರು ಡಾಲರನ್ನು ರೂಪಾಯಿಗೆ ಗುಣಿಸಿ ಕೂತಿರುತ್ತಾರೆ. ಡಾಲರಿಗೆ 85 ರೂಪಾಯಿ ಹಿಡಿದರೂ 30,000 ಡಾಲರ್ ಎಂದರೆ ಇಪ್ಪತ್ತೈದೂವರೆ ಲಕ್ಷ. ಕೇಳಿದವರ ಕಣ್ಣು ಅರಳುತ್ತದೆ. ಆದರೆ ಖರ್ಚೂ ಡಾಲರಿನಲ್ಲೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳಲ್ಲಿ 2022ರ ಕೊನೆಯಲ್ಲಿ ಸುಮಾರು 48,000 ನೌಕರರು, ಅವರಲ್ಲಿ ಬಹಳಷ್ಟು ಮಂದಿ ಪಾಠ ಮಾಡುವ ಪಿಎಚ್‌ಡಿ ವಿದ್ಯಾರ್ಥಿಗಳು, ಮುಷ್ಕರ ಹೂಡಿದ್ದು ಬಾಡಿಗೆ ಕಟ್ಟಲಾಗದೆ. ಮುಷ್ಕರವನ್ನು ಮುಗಿಸಿದ ಒಪ್ಪಂದದ ನಂತರವೇ ಬೋಧನಾ ಸಹಾಯಕರ ಕನಿಷ್ಠ ಸಂಬಳ ಒಂಬತ್ತು ತಿಂಗಳಿಗೆ 34,000 ಡಾಲರ್ ಆದದ್ದು, ಅದೂ 2024ರ ಅಕ್ಟೋಬರಿಗೆ. ಎಂಐಟಿಯವರ ಜೀವನವೆಚ್ಚದ ಕ್ಯಾಲ್ಕುಲೇಟರ್ ಅಂತರ್ಜಾಲದಲ್ಲಿ ಪುಕ್ಕಟೆ ಇದೆ. ಕೌಂಟಿಯ ಹೆಸರು ಹಾಕಿದರೆ ಒಬ್ಬರು ಅಲ್ಲಿ ಬದುಕಲು ಎಷ್ಟು ಬೇಕು ಎಂದು ಹೇಳುತ್ತದೆ. ನಿಮ್ಮ ಸ್ಟೈಪೆಂಡನ್ನು ಆ ಅಂಕಿಯಿಂದ ಭಾಗಿಸಿ ನೋಡಿ. ಬಾಸ್ಟನ್ನಿನ ದೊಡ್ಡ ಮೊತ್ತ ಅಯೋವಾ ಸಿಟಿಯ ಸಣ್ಣ ಮೊತ್ತಕ್ಕಿಂತ ಬಡವಾಗಿ ಕಾಣುವುದುಂಟು.

ಭಾರತದಲ್ಲೇ ಪಿಎಚ್‌ಡಿ ಮಾಡಲು ಸಿಗುವ ಜೆಆರ್‌ಎಫ್ ಫೆಲೋಶಿಪ್ ಕೈಯಲ್ಲಿದ್ದವರು ಅದನ್ನೂ ಇದೇ ತಕ್ಕಡಿಯಲ್ಲಿಡಬೇಕು. 2023ರ ಜನವರಿಯಿಂದ ಅದು ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಹೈದರಾಬಾದಿನಲ್ಲೋ ಮೈಸೂರಿನಲ್ಲೋ ಅದರಲ್ಲಿ ಮರ್ಯಾದೆಯಿಂದ ಬದುಕಬಹುದು. ಅದಿಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯದ 8,000 ರೂಪಾಯಿಯ ನಾನ್-ನೆಟ್ ಫೆಲೋಶಿಪ್ಪನ್ನೇ ನಂಬಿದವರ ಕಥೆ ಬೇರೆ.

ಶ್ರೇಯಾಂಕದ ವಿಷಯ ಬೇಗ ಮುಗಿಸುತ್ತೇನೆ. ಯು.ಎಸ್. ನ್ಯೂಸ್ ಪತ್ರಿಕೆಯ ಇಂಗ್ಲಿಷ್ ಪಿಎಚ್‌ಡಿ ಪಟ್ಟಿ ಪ್ರಾಧ್ಯಾಪಕರು ಪರಸ್ಪರ ಕೊಟ್ಟ ಅಂಕಗಳ ಸರಾಸರಿ. ಸ್ಟೈಪೆಂಡ್, ಮುಗಿಸಿದವರ ಸಂಖ್ಯೆ, ಸಿಕ್ಕ ಕೆಲಸ ಯಾವುದೂ ಅದರಲ್ಲಿಲ್ಲ. ಹೆಸರಿಗೆ ಬೆಲೆ ಇಲ್ಲ ಎನ್ನಲಾರೆ. 2008ರ ಆರ್ಥಿಕ ಕುಸಿತದಿಂದೀಚೆಗೆ ಅಲ್ಲಿನ ಕಾಯಂ ಬೋಧಕ ಹುದ್ದೆಗಳು ಕರಗುತ್ತಲೇ ಬಂದಿರುವಾಗ ಹೆಸರು ಸ್ವಲ್ಪ ಕೈಹಿಡಿಯುತ್ತದೆ. ಆದರೆ ಹನ್ನೆರಡಕ್ಕೂ ಹದಿನೆಂಟಕ್ಕೂ ನಡುವಿನ ವ್ಯತ್ಯಾಸಕ್ಕಾಗಿ ಬದುಕಿನ ಉಳಿದ ಲೆಕ್ಕ ಕೆಡಿಸಿಕೊಳ್ಳುವುದು ದಡ್ಡತನ. ಪಟ್ಟಿ ನೋಡುವ ಬದಲು ಕಳೆದ ಐದು ವರ್ಷದಲ್ಲಿ ಅಲ್ಲಿ ಪಿಎಚ್‌ಡಿ ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ವಿಭಾಗವನ್ನು ಕೇಳಿ. ತಡವರಿಸಿದರೆ ಅದೂ ಒಂದು ಉತ್ತರವೇ.

ಕೇಳುವುದಕ್ಕೂ ನಮ್ಮವರಿಗೆ ಭಯ. "ದುಡ್ಡಿನ ವಿಷಯ ಎತ್ತಿದ್ರೆ ಸೀಟು ವಾಪಸ್ ತಗೊಂಡ್ರೆ?" ಲಿಖಿತವಾಗಿ ಆಫರ್ ಕೊಟ್ಟ ವಿಭಾಗ ಒಂದು ವಿನಯದ ಪ್ರಶ್ನೆಗೆ ಅದನ್ನು ಕಿತ್ತುಕೊಳ್ಳುವುದಿಲ್ಲ. ಇನ್ನೊಂದು ಕಡೆ ಹೆಚ್ಚು ಬಂದಿದೆ, ಬೇಸಿಗೆಗೆ ಏನಾದರೂ ಸಾಧ್ಯವೇ ಎಂದು ಕೇಳುವುದು ಅಲ್ಲಿ ವಾಡಿಕೆ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಕೆಲವೊಮ್ಮೆ ಏನಾದರೂ ಸೇರುತ್ತದೆ. ಸಂಘದ ಒಪ್ಪಂದದಿಂದ ಸಂಬಳ ನಿಗದಿಯಾದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಇಲ್ಲ ಎಂದರೆ ಇಲ್ಲ, ಅಷ್ಟೆ.

"ಬೇಗ ಹ್ಞೂಂ ಅನ್ನದಿದ್ರೆ ಬೇರೆಯವರಿಗೆ ಕೊಟ್ಟುಬಿಡ್ತಾರೆ" ಎಂಬುದು ಇನ್ನೊಂದು. ಏಪ್ರಿಲ್ 15 ಎಂಬ ತಾರೀಕು ಇರುವುದೇ ಇದಕ್ಕೆ. ಅಮೆರಿಕದ ಸ್ನಾತಕೋತ್ತರ ಶಾಲೆಗಳ ಪರಿಷತ್ತಿನ ನಿರ್ಣಯವೊಂದಿದೆ. ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಹಣದ ನೆರವಿನ ಆಫರಿಗೆ ಏಪ್ರಿಲ್ 15ಕ್ಕೆ ಮೊದಲು ಉತ್ತರ ಕೊಡಿ ಎಂದು ವಿದ್ಯಾರ್ಥಿಯನ್ನು ಕಟ್ಟಿಹಾಕುವಂತಿಲ್ಲ. ಅವಸರಪಟ್ಟು ಮೊದಲೇ ಒಪ್ಪಿದ್ದರೂ ಆ ದಿನದವರೆಗೆ ಬರೆದು ತಿಳಿಸಿ ಹಿಂದೆ ಸರಿಯಬಹುದು. ಒತ್ತಾಯದ ಇಮೇಲ್ ಬಂದರೆ ಈ ನಿರ್ಣಯದ ಹೆಸರನ್ನು ಸೌಮ್ಯವಾಗಿ ನೆನಪಿಸಿದರೆ ಸಾಕು. ಆದರೆ ಈ ರಕ್ಷಣೆ ಹಣದ ನೆರವಿಗೆ ಸಂಬಂಧಿಸಿದ್ದು. ಸ್ವಂತ ಖರ್ಚಿನ ಎಂ.ಎ.ಯವರು ಮಾರ್ಚಿನಲ್ಲೇ ಠೇವಣಿ ಕೇಳಿದರೆ ಈ ನಿರ್ಣಯ ಕೈಗೆ ಬರುವುದಿಲ್ಲ. ಬ್ರಿಟನ್, ಯುರೋಪಿಗೂ ಇದು ಅನ್ವಯಿಸದು.

ವೇಟ್‌ಲಿಸ್ಟ್ ಬಗ್ಗೆ ಎರಡು ವಿರುದ್ಧ ನಂಬಿಕೆಗಳಿವೆ, ಎರಡೂ ತಪ್ಪು. ಒಂದು, ಅದು ನಯವಾಗಿ ಹೇಳಿದ "ಇಲ್ಲ". ಇನ್ನೊಂದು ರೈಲ್ವೆಯ ಡಬ್ಲ್ಯುಎಲ್ ಇದ್ದ ಹಾಗೆ: ನನ್ನದು ನಾಲ್ಕನೇ ನಂಬರ್, ನಾಲ್ಕು ಜನ ಬಿಟ್ಟರೆ ಬರ್ತ್ ಖಾಯಂ. ವಿಭಾಗದ ಒಳಗೆ ನಡೆಯುವುದು ಬೇರೆ. ನೂರಾರು ಅರ್ಜಿಗಳಿಂದ ಅವರಿಗೆ ಬೇಕಾದದ್ದು ಒಂದು ಪುಟ್ಟ ತಂಡ. ಅದರಲ್ಲಿ ಒಬ್ಬರು ಮಧ್ಯಯುಗದವರು, ಒಬ್ಬರು ವಿಕ್ಟೋರಿಯನ್ ಕಾದಂಬರಿಯವರು, ಒಬ್ಬರು ವಸಾಹತೋತ್ತರ ಸಾಹಿತ್ಯದವರು ಹೀಗೆ ಹಂಚಿಕೆ ಇರಬೇಕು. ವಸಾಹತೋತ್ತರ ಓದುವವರು ಬೇರೆಡೆ ಹೋದರೆ ಆ ಜಾಗಕ್ಕೆ ಸಾಮಾನ್ಯವಾಗಿ ಅದೇ ಕ್ಷೇತ್ರದವರನ್ನು ನೋಡುತ್ತಾರೆ. ಪಟ್ಟಿಗೆ ಕ್ರಮಸಂಖ್ಯೆ ಇಲ್ಲದಿರುವುದೇ ಹೆಚ್ಚು. ನಮ್ಮ ಹುಡುಗರು ಬಹುಪಾಲು ವಸಾಹತೋತ್ತರ ಮತ್ತು ದಕ್ಷಿಣ ಏಷ್ಯಾ ಸಾಹಿತ್ಯಕ್ಕೇ ಹಾಕುವುದರಿಂದ ಒಂದೇ ಕಿಟಕಿಯ ಮುಂದೆ ನೂಕುನುಗ್ಗಲು. ಕನ್ನಡ ಪಠ್ಯಗಳ ಮೇಲೆ ಕೆಲಸ ಮಾಡಬೇಕೆನ್ನುವವರು ಇಂಗ್ಲಿಷ್ ವಿಭಾಗದ ಜೊತೆಗೆ ದಕ್ಷಿಣ ಏಷ್ಯಾ ಅಧ್ಯಯನ, ತೌಲನಿಕ ಸಾಹಿತ್ಯದ ವಿಭಾಗಗಳನ್ನೂ ನೋಡಲಿ ಎಂದು ನಾನು ಹೇಳುವುದು ಇದಕ್ಕೇ. ಅಲ್ಲಿ ಕನ್ನಡ ಬಲ್ಲವರು ಎಂಬುದೇ ಒಂದು ಬಂಡವಾಳ.

ವೇಟ್‌ಲಿಸ್ಟಿನಿಂದ ಒಳಗೆ ಬಂದವರಿಗೆ ಎರಡನೇ ದರ್ಜೆಯ ನೆರವು ಎಂಬ ಅನುಮಾನಕ್ಕೂ ಹೆಚ್ಚಿನ ಕಡೆ ಆಧಾರವಿಲ್ಲ. ಖಾಲಿಯಾದ ಸೀಟಿನ ಜೊತೆ ಅದರ ಹಣವೂ ಖಾಲಿಯಾಗಿರುತ್ತದೆ, ಅದೇ ಪ್ಯಾಕೇಜು ನಿಮಗೆ ಬರುತ್ತದೆ. ಕಾಯುವಾಗ ಮಾಡಬಹುದಾದದ್ದು ಕಡಿಮೆ. ಸ್ನಾತಕೋತ್ತರ ಅಧ್ಯಯನದ ನಿರ್ದೇಶಕರಿಗೆ ಒಂದು ಇಮೇಲ್: ಆಸಕ್ತಿ ಇನ್ನೂ ಇದೆ, ಈ ನಡುವೆ ಇಂಥ ಲೇಖನ ಪ್ರಕಟವಾಗಿದೆ, ನನ್ನ ಕ್ಷೇತ್ರದಲ್ಲಿ ಜಾಗ ತೆರವಾಗುವ ಸಂಭವ ಹೇಗಿದೆ? ಇದೇ ಮೊದಲ ಆಯ್ಕೆ ಎಂಬುದು ನಿಜವಾಗಿದ್ದರೆ ಹೇಳಿ. ಮೂರು ವಿಭಾಗಕ್ಕೆ ಅದನ್ನೇ ಬರೆಯಬೇಡಿ, ಆ ಲೋಕ ಬಹಳ ಚಿಕ್ಕದು. ವಾರಕ್ಕೊಂದು ಇಮೇಲ್ ಹಾಕುವುದು, ಪರಿಚಿತ ಪ್ರಾಧ್ಯಾಪಕರಿಂದ ಫೋನ್ ಮಾಡಿಸುವುದು ನಮ್ಮಲ್ಲಿ ಕೆಲಸಕ್ಕೆ ಬರಬಹುದು; ಅಲ್ಲಿ ಬರುವುದಿಲ್ಲ. ನಿಮ್ಮ ಕೈಯಲ್ಲಿರುವ, ನೀವು ಹೋಗದ ಆಫರುಗಳನ್ನು ಮಾರ್ಚಿನಲ್ಲೇ ಬಿಟ್ಟುಕೊಡಿ. ನಾಲ್ಕು ಸೀಟು ಮುಷ್ಟಿಯಲ್ಲಿಟ್ಟುಕೊಂಡು ಐದನೆಯದಕ್ಕೆ ಕಾಯುವವರಿಂದಲೇ ಎಲ್ಲರ ವೇಟ್‌ಲಿಸ್ಟೂ ಏಪ್ರಿಲ್ 14ರವರೆಗೆ ಅಲ್ಲಾಡದೆ ನಿಂತಿರುತ್ತದೆ.

ಇನ್ನು ಸಂಬಂಧಗಳ ವಿಷಯ. ಹಣದ ಬಗ್ಗೆ ಸುಳ್ಳು ನಂಬಿಕೆ ಇದ್ದರೂ ಮಾತಂತೂ ಆಗುತ್ತದೆ. ಇಲ್ಲಿ ಮಾತೇ ಇಲ್ಲ. ಪ್ರೀತಿಸಿದವರು, ಮದುವೆ ನಿಶ್ಚಯವಾದವರು, ವಯಸ್ಸಾದ ಅಮ್ಮನನ್ನು ನೋಡಿಕೊಳ್ಳುವವರು ಎಲ್ಲರಿಗೂ ಒಂದೇ ಉಪದೇಶ: "ವೃತ್ತಿ ವಿಷಯದಲ್ಲಿ ಅದನ್ನೆಲ್ಲ ತರಬೇಡ." ಆರು ವರ್ಷದ ನಿರ್ಧಾರದಲ್ಲಿ ಯಾರ ಜೊತೆ ಬದುಕುತ್ತೀರಿ ಎಂಬುದು ಲೆಕ್ಕಕ್ಕೆ ಬರದಿದ್ದರೆ ಇನ್ನು ಯಾವುದು ಬರಬೇಕು? ಅಮೆರಿಕದ ವಿದ್ಯಾರ್ಥಿಗಳು ಇದನ್ನು ಮುಚ್ಚುಮರೆ ಇಲ್ಲದೆ ಲೆಕ್ಕ ಹಾಕುತ್ತಾರೆ. ಅರ್ಜಿಯಲ್ಲಿ ಬರೆಯಬೇಕಿಲ್ಲ, ಆಫರ್ ಬಂದ ಮೇಲೆ ಸಂಗಾತಿಗೆ ವಿಮೆ ಇದೆಯೇ, ದಂಪತಿಗಳಿಗೆ ಕ್ಯಾಂಪಸ್ ವಸತಿ ಇದೆಯೇ, ಹೆರಿಗೆ ರಜೆ ಎಷ್ಟು ಎಂದು ಕೇಳುವುದರಲ್ಲಿ ತಪ್ಪಿಲ್ಲ.

"ಮದುವೆ ಮಾಡ್ಕೊಂಡೇ ಹೋಗು, ಅವನೂ ಅಲ್ಲೇ ಕೆಲಸ ಹುಡುಕ್ಕೋತಾನೆ." ಮನೆಯವರ ಈ ಸಲಹೆ ಅತ್ಯಂತ ಅಪಾಯದ್ದು. ಎಫ್-1 ವಿದ್ಯಾರ್ಥಿನಿಯ ಗಂಡನಿಗೆ ಸಿಗುವುದು ಎಫ್-2. ಅದರಲ್ಲಿ ಕೆಲಸ ಮಾಡುವಂತಿಲ್ಲ, ಪೂರ್ಣಾವಧಿ ಓದುವಂತೆಯೂ ಇಲ್ಲ. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳ ತರುತ್ತಿದ್ದವರು ಹಿಮ ಬೀಳುವ ಸಣ್ಣ ಊರಿನಲ್ಲಿ ವರ್ಷಗಟ್ಟಲೆ ಕೈಕಟ್ಟಿ ಕೂರಬೇಕಾಗುತ್ತದೆ. ಜೆ-1 ವೀಸಾದಲ್ಲಿ ಬಂದವರ ಸಂಗಾತಿ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು, ಆದರೆ ಕೆಲವು ಜೆ-1ಗಳಿಗೆ ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ ಷರತ್ತು ಅಂಟಿಕೊಂಡಿರುತ್ತದೆ. ಬ್ರಿಟನ್ 2024ರ ಜನವರಿಯಿಂದ ಪಾಠಪ್ರಧಾನ ಎಂ.ಎ. ವಿದ್ಯಾರ್ಥಿಗಳು ಸಂಗಾತಿಯನ್ನು ಕರೆತರುವುದನ್ನೇ ನಿಲ್ಲಿಸಿದೆ, ಪಿಎಚ್‌ಡಿಯವರಿಗೆ ಅವಕಾಶ ಉಳಿಸಿದೆ. ಕೆನಡಾ 2025ರ ಜನವರಿಯಲ್ಲಿ ಸಂಗಾತಿಯ ಕೆಲಸದ ಪರವಾನಗಿಯನ್ನು ಬಿಗಿ ಮಾಡಿದರೂ ಪಿಎಚ್‌ಡಿಯವರ ಸಂಗಾತಿಗಳನ್ನು ಹೊರಗಿಟ್ಟಿಲ್ಲ. ಇಬ್ಬರೂ ದುಡಿಯಬೇಕೆನ್ನುವವರಿಗೆ ಈ ನಿಯಮಗಳು ಸ್ಟೈಪೆಂಡಿನ ಅಂಕಿಗಿಂತ ಮುಖ್ಯ.

ಇಬ್ಬರೂ ಸಂಶೋಧಕರಾದರೆ "ಒಂದೇ ಕಡೆ ಹಾಕಿದರೆ ಜೋಡಿಯಾಗಿ ಕೊಡ್ತಾರೆ" ಎಂದುಕೊಳ್ಳುತ್ತಾರೆ. ಪ್ರಾಧ್ಯಾಪಕರನ್ನು ಸೆಳೆಯಲು ಅವರ ಸಂಗಾತಿಗೂ ಹುದ್ದೆ ಕೊಡುವ ಪದ್ಧತಿ ಅಲ್ಲಿ ಉಂಟು. ಪಿಎಚ್‌ಡಿ ಪ್ರವೇಶದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ವಿಶ್ವವಿದ್ಯಾಲಯದ ಬದಲು ಊರನ್ನು ಆರಿಸಬೇಕು. ಬಾಸ್ಟನ್, ನ್ಯೂಯಾರ್ಕ್, ಶಿಕಾಗೊ, ಡ್ಯೂಕ್ ಮತ್ತು ಚಾಪೆಲ್ ಹಿಲ್ ಒತ್ತಟ್ಟಿಗಿರುವ ನಾರ್ತ್ ಕೆರೊಲಿನಾದ ಮೂಲೆ, ಇಂಥ ಕಡೆ ಒಬ್ಬರಿಗೆ ಒಂದರಲ್ಲಿ, ಇನ್ನೊಬ್ಬರಿಗೆ ಮತ್ತೊಂದರಲ್ಲಿ ಸಿಗುವ ಸಂಭವ ಇರುತ್ತದೆ. ನ್ಯೂಯಾರ್ಕ್ ಸುತ್ತಿನ ಕೊಲಂಬಿಯಾ, ಎನ್‌ವೈಯು, ಪ್ರಿನ್ಸ್‌ಟನ್, ರಟ್ಗರ್ಸ್ ಮೊದಲಾದವುಗಳ ನಡುವೆ ಒಂದು ಒಕ್ಕೂಟವೂ ಇದೆ. ಒಂದರಲ್ಲಿ ದಾಖಲಾದ ಪಿಎಚ್‌ಡಿ ವಿದ್ಯಾರ್ಥಿ ಇನ್ನೊಂದರಲ್ಲಿ ಕೋರ್ಸು ತೆಗೆದುಕೊಳ್ಳಬಹುದು. ಕಾರ್ನೆಲ್ ಇರುವ ಇಥಾಕಾದಂಥ ಊರಿನಲ್ಲಿ ಈ ಸೌಕರ್ಯವಿಲ್ಲ, ನ್ಯೂಯಾರ್ಕಿಗೆ ಬಸ್ಸಿನಲ್ಲಿ ನಾಲ್ಕೈದು ಗಂಟೆ.

ಹಾಗೆಂದು ದೂರವಿದ್ದರೆ ಆರೂ ವರ್ಷ ವನವಾಸ ಎಂಬ ಭಯವೂ ಸರಿಯಲ್ಲ. ಕೋರ್ಸುಗಳು ಸುಮಾರು ಎರಡು ವರ್ಷಕ್ಕೆ ಮುಗಿಯುತ್ತವೆ, ಮೂರನೆಯ ವರ್ಷದ ಆಸುಪಾಸಿನಲ್ಲಿ ಅರ್ಹತಾ ಪರೀಕ್ಷೆ. ಆಮೇಲೆ ಪಾಠದ ಹೊಣೆ ಇಲ್ಲದ ಫೆಲೋಶಿಪ್ ವರ್ಷವೊಂದು ಸಿಕ್ಕರೆ ಮೈಸೂರಿನ ಹಸ್ತಪ್ರತಿ ಭಂಡಾರದಲ್ಲಿ ಕೂತು ಪ್ರಬಂಧ ಬರೆದರೂ ನಡೆಯುತ್ತದೆ. ಆ ವರ್ಷ ಇದೆಯೋ ಇಲ್ಲವೋ ಎಂಬುದು ಆಫರ್ ಪತ್ರದಲ್ಲೇ ಇರುತ್ತದೆ.

"ಮದುವೆ ಆಗಲಿ, ಮುಂದಿನ ವರ್ಷ ಹೋದರಾಯಿತು" ಎನ್ನುವವರು ಎರಡು ಸುದ್ದಿ ಗಮನಿಸಲಿ. ಬಾಸ್ಟನ್ ವಿಶ್ವವಿದ್ಯಾಲಯ 2024ರ ನವೆಂಬರಿನಲ್ಲಿ ಇಂಗ್ಲಿಷ್, ಇತಿಹಾಸ, ತತ್ವಶಾಸ್ತ್ರ ಸೇರಿದಂತೆ ಹಲವು ಪಿಎಚ್‌ಡಿಗಳಿಗೆ ಮುಂದಿನ ವರ್ಷ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಎಂದಿತು. ರಾಮಾನುಜನ್ ಪಾಠ ಮಾಡಿದ ಶಿಕಾಗೊ 2025ರ ಆಗಸ್ಟಿನಲ್ಲಿ ತನ್ನ ಕಲೆ ಮತ್ತು ಮಾನವಿಕ ವಿಭಾಗಗಳಲ್ಲಿ ಬಹುಪಾಲು ಪಿಎಚ್‌ಡಿ ಪ್ರವೇಶವನ್ನು 2026–27ಕ್ಕೆ ತಡೆಹಿಡಿಯಿತು. ಪ್ರವೇಶ ಮುಂದೂಡಿ ಎಂದು ಕೇಳಬಹುದು, ಒಪ್ಪುವುದು ವಿಭಾಗದ ಮರ್ಜಿ. ಒಪ್ಪಿದರೆ ಸೀಟಿನ ಜೊತೆ ಹಣವನ್ನೂ ಕಾಯ್ದಿರಿಸಿದ್ದೇವೆ ಎಂದು ಬರೆಸಿಕೊಳ್ಳಿ. ಬಿಟ್ಟುಕೊಟ್ಟು ಮತ್ತೆ ಅರ್ಜಿ ಹಾಕುತ್ತೇನೆ ಎಂದರೆ ಆ ವರ್ಷ ಬಾಗಿಲು ತೆರೆದಿರುತ್ತದೆ ಎಂಬ ಭರವಸೆ ಯಾರೂ ಕೊಡಲಾರರು.

ವೇಟ್‌ಲಿಸ್ಟಿನಲ್ಲಿರುವವರು ಸಂಗಾತಿಯ ಜೊತೆ ಮಾತನ್ನು ಏಪ್ರಿಲ್ ಹತ್ತರೊಳಗೆ ಮುಗಿಸಿಕೊಳ್ಳಬೇಕು. ನ್ಯೂಯಾರ್ಕಿನಲ್ಲಿ 15ನೇ ತಾರೀಕು ಸಂಜೆ ಐದಾದಾಗ ನಮ್ಮಲ್ಲಿ 16ರ ಬೆಳಗಿನ ಜಾವ ಎರಡೂವರೆ. ಆ ಹೊತ್ತಿಗೆ ಕರೆ ಬಂದರೆ ಉತ್ತರಕ್ಕೆ ಕೆಲವೇ ಗಂಟೆ ಸಿಗಬಹುದು. ಯಾವ ಊರಾದರೆ ಹೋಗುವುದು, ಎಷ್ಟು ಹಣಕ್ಕಿಂತ ಕಡಿಮೆಯಾದರೆ ಬಿಡುವುದು, ಇವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿರಿ. ಒಪ್ಪಿದ ಮೇಲೆ ವೀಸಾಕ್ಕೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ, ಆಮೇಲೆ ವೀಸಾ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ವೀಸಾ ಸೇವೆ ಅದರ ಜೊತೆ ಶುರುವಾಗಲಿಲ್ಲ. ಚೆನ್ನೈ, ಹೈದರಾಬಾದಿನ ದಾರಿಯನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ. ಸಂಗಾತಿಯೂ ಬರುವುದಾದರೆ ಅವರ ಐ-20ಗೆ ಬೇರೆಯಾಗಿ ಹಣದ ಪುರಾವೆ ಕೇಳುತ್ತಾರೆ. ನಿಮ್ಮ ಆಫರ್ ಪತ್ರ ನಿಮ್ಮೊಬ್ಬರಿಗಷ್ಟೇ ಸಾಲುವುದರಿಂದ ಬ್ಯಾಂಕಿನ ಪ್ರಮಾಣಪತ್ರವನ್ನು ಏಪ್ರಿಲಿನಲ್ಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.